ನ್ಯಾಚುರಲ್ ವಾಟರ್ ಪಾಕ

ನಮ್ಮ ಭಾವ ರೇವಣಸಿದ್ದಪ್ಪನವರಿಗೆ ಹೊಸಪೇಟೆಯಲ್ಲಿ ಮಳೆಗೆ ಹೊದಿಸುವ ತಾಡಪತ್ರಿಗಳ ಒಂದು ಅಂಗಡಿ ಇತ್ತು. ಆದರೆ ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ ಅಂಗಡಿಯ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ. "ಅಂಗಡಿ ತನ್ನಷ್ಟಕ್ಕ ತಾನ ನಡೀತೈತ್ರಿ. ನಂದೇನಿದ್ರೂ ಪ್ಲಾನಿಂಗ್," ಎನ್ನುತ್ತಿದ್ದರು.

ಅದು ಪೂರ್ತಿ ಸುಳ್ಳೂ ಅಲ್ಲ. ಮನೆ ಕಟ್ಟಿಸುವಾಗ ಅವರು ನಕ್ಷೆಯನ್ನು ಎಷ್ಟು ಸಲ ಬದಲಿಸಿದರೆಂದರೆ, ಮಾಳಿಗೆಗೆ ಹೋಗುವ ಮೆಟ್ಟಿಲು ಸೀದಾ ಹೋಗಿ ಗೋಡೆಗೆ ಮುಟ್ಟಿ ನಿಂತಿತು. ಮೇಸ್ತ್ರಿ ಗೋಡೆ ಒಡೆದು ಅಲ್ಲೊಂದು ಬಾಗಿಲು ಕೂಡಿಸಿದ. ಆ ಬಾಗಿಲಲ್ಲಿ ಈಗಲೂ ತಲೆ ತಗ್ಗಿಸಿಯೇ ಹೋಗಬೇಕು. ಬಂದವರಿಗೆಲ್ಲ ವಿನಯ ಕಲಿಸಲೆಂದೇ ಹಾಗೆ ಮಾಡಿಸಿದ್ದು ಎಂದು ಭಾವ ಹೇಳುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮ ಅಕ್ಕ ಪಂಪಮ್ಮನನ್ನು ಮೈಸೂರು ತೋರಿಸಲು ಕರೆದೊಯ್ಯುವ ಯೋಜನೆ ಹಾಕಿದ್ದರು. ಮಗಳು ಸ್ಫೂರ್ತಿ ಒಂಬತ್ತನೇ ಕ್ಲಾಸಿಗೆ ಬಂದರೂ ಆ ಯೋಜನೆ ಸುಧಾರಣೆಯ ಹಂತದಲ್ಲೇ ಇತ್ತು.

ನಾನು ಕಂಪ್ಲಿಯಲ್ಲಿ ಪ್ರೈಮರಿ ಶಾಲೆಯ ಟೀಚರ್. ರಜೆ ಸಿಕ್ಕರೆ ಅಕ್ಕನ ಮನೆಗೆ ಓಡುತ್ತಿದ್ದೆ. ಹಾಗಾಗಿ ಮುಂದೆ ಹೇಳುವುದನ್ನೆಲ್ಲ ಕಣ್ಣಾರೆ ಕಂಡೆ, ಮೈಯಾರೆ ಅನುಭವಿಸಿದೆ.

ಭಾವನ ಊರೂ ಕಂಪ್ಲಿಯೇ. ಅವರ ಅಪ್ಪ ಅಕ್ಕಿ ಗಿರಣಿಯವರಿಗೆ ತಾಡಪತ್ರಿ ಮಾರಿಕೊಂಡಿದ್ದರು. ಅಂಗಳದಲ್ಲಿ ಒಣಗಲು ಹಾಕಿದ ಭತ್ತದ ಮೇಲೆ ಮೋಡ ಕವಿದರೆ ವ್ಯಾಪಾರ, ಇಲ್ಲದಿದ್ದರೆ ನಿದ್ದೆ. ಭಾವ ಹೊಸಪೇಟೆಗೆ ಬಂದು ಅಂಗಡಿ ಹಾಕಿದ ಮೇಲೂ ಹಾಗೇ ಇತ್ತು. ಅಷ್ಟರಲ್ಲಿ ಚೀನಾದವರಿಗೆ ನಮ್ಮ ಗುಡ್ಡಗಳು ಬೇಕಾದವು. ಸಂಡೂರಿನ ಕಡೆಯಿಂದ ಕೆಂಪು ಮಣ್ಣು ಹೊತ್ತ ಲಾರಿಗಳು ಇರುವೆ ಸಾಲಿನಂತೆ ಇಳಿಯತೊಡಗಿದವು. ಅದಿರಿನ ಮೇಲೆ ತಾಡಪತ್ರಿ ಹೊದಿಸಲೇಬೇಕು ಎಂಬ ನಿಯಮ ಬಂತು. ನಮ್ಮ ಜನ ನಿಯಮ ಪಾಲಿಸುವುದರಲ್ಲಿ ಹಿಂದೆ ಬಿದ್ದವರಲ್ಲ. ಎಲ್ಲ ಲಾರಿಯವರೂ ತಾಡಪತ್ರಿ ಕೊಂಡರು. ಕೊಂಡು, ಚೆಂದಾಗಿ ಮಡಚಿ, ಕ್ಯಾಬಿನ್ ಮೇಲೆ ಹಗ್ಗದಿಂದ ಬಿಗಿದಿಟ್ಟರು. ಬಿಚ್ಚಿ ಹೊದಿಸಿ ಕಟ್ಟುವಷ್ಟರಲ್ಲಿ ಸರದಿ ತಪ್ಪುತ್ತದಲ್ಲ! ಅದಿರು ಗಾಳಿಗೆ ಹಾರಿ ಊರಿಗೆಲ್ಲ ಹಂಚಿಕೆಯಾಗುತ್ತಿತ್ತು, ತಾಡಪತ್ರಿ ಮಾತ್ರ ಹೊಸದಾಗಿಯೇ ಉಳಿಯುತ್ತಿತ್ತು. ಯಾರಿಗೂ ನಷ್ಟವಿಲ್ಲದ ಇಂಥ ವ್ಯವಸ್ಥೆಯಲ್ಲಿ ಭಾವನೂ ಮೇಲೆ ಬಂದರು. ಸ್ಕೂಟರ್ ಇದ್ದಲ್ಲಿ ಜೀಪು ಬಂತು. ಪ್ಲಾನಿಂಗಿಗೆ ಸಮಯವೂ ಬಂತು.

ಆ ವರ್ಷ ಯುಗಾದಿ ಮುಗಿದ ಮೇಲೆ ಭಾವನ ಗೆಳೆಯ ಹೊನ್ನೂರಪ್ಪ ಮನೆಗೆ ಬಂದ. ಅವನು ಲಾರಿ ಮಾಲೀಕ. ಹೈದರಾಬಾದಿಗೆ ಹೋಗಿ ಬಂದಿದ್ದ. ಜೇಬಿನಿಂದ ಒಂದು ಫೋಟೋ ತೆಗೆದು ತೋರಿಸಿದ: ನೀಲಿ ಪ್ಲಾಸ್ಟಿಕ್ ಕೊಳವೆಯ ಬಾಯಿಂದ ಹೊನ್ನೂರಪ್ಪ, ಅವನ ಹಿಂದೆ ಹೆಂಡತಿ ಹೊನ್ನೂರಮ್ಮ, ಇಬ್ಬರೂ ಕಣ್ಣು ಮುಚ್ಚಿ ಬಾಯಿ ತೆರೆದು ಹೊರಗೆ ಬರುತ್ತಿದ್ದರು.

"ವಾಟರ್ ಪಾರ್ಕ್ ಅಂತಾರ ಇದಕ್ಕ. ಭಾಳ ಮಸ್ತ್ ಐತಿ," ಎಂದ.

"ಅಪ್ಪಾಜಿ, ನಾವೂ ಹೋಗೂಣು," ಎಂದಳು ಸ್ಫೂರ್ತಿ.

ಭಾವ ಫೋಟೋವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಆ ನೀರಾಗ ಔಷಧಿ ಹಾಕಿರ್ತಾರ. ದೇಶದ ಮಂದಿಯೆಲ್ಲಾ ಮೈ ತೊಳ್ಕೊಂಡ ನೀರು ಅದು. ಅಂಥದ್ರಾಗ ಬೀಳಾಕ ಹೈದರಾಬಾದ್ ತನಕ ಹೋಗ್ಬೇಕಾ? ನಮ್ಮ ಸಂಡೂರ ಗುಡ್ಡದಾಗ ನ್ಯಾಚುರಲ್ ವಾಟರ್ ಪಾರ್ಕ್ ಐತಿ!"

ಹೈಸ್ಕೂಲಿನಲ್ಲಿದ್ದಾಗ ಮಾಸ್ತರರ ಜೊತೆ ಹೋಗಿ ಅವರು ಅಲ್ಲೊಂದು ಹಳ್ಳ ನೋಡಿದ್ದರಂತೆ. ನುಣುಪು ಬಂಡೆಯ ಮೇಲೆ ನೀರು ಜಾರಿ ಹೊಂಡಕ್ಕೆ ಬೀಳುತ್ತಿತ್ತಂತೆ. ಹುಡುಗರು ಬಂಡೆಯ ನೆತ್ತಿಯ ಮೇಲೆ ಕೂತರೆ ಸಾಕು, ನೀರೇ ಎಳೆದೊಯ್ದು ಕೆಳಗೆ ಎಸೆಯುತ್ತಿತ್ತಂತೆ. ಆ ದಿನ ಭಾವನ ಚಡ್ಡಿ ಹರಿದು, ಮಾಸ್ತರರ ಟವೆಲ್ ಸುತ್ತಿಕೊಂಡು ಊರಿಗೆ ಬಂದಿದ್ದರಂತೆ. ಇದನ್ನು ಹೇಳುವಾಗ ಅವರ ಮುಖ ಬೇರೆಯೇ ಆಗಿತ್ತು. ಪ್ಲಾನಿಂಗ್ ಕಲಿಯುವ ಮೊದಲು ಈ ಮನುಷ್ಯ ಒಮ್ಮೆ ಸುಖವಾಗಿದ್ದ ಎಂದು ನನಗೆ ಆಗ ಅನಿಸಿತು.

"ಹಂಗಾದ್ರ ಈ ಭಾನುವಾರ ಹೋಗಿ ಬರೂಣಲ್ರಿ," ಎಂದಳು ಅಕ್ಕ.

ಭಾವ ಅವಳನ್ನು ಕನಿಕರದಿಂದ ನೋಡಿದರು. "ಹಂಗ ಹೋಗಾಕ ಬರಂಗಿಲ್ಲ ಪಂಪಾ. ಪ್ಲಾನ್ ಬೇಕು."

ಬೇಸಿಗೆಯಲ್ಲಿ ಹಳ್ಳದಲ್ಲಿ ನೀರಿರುವುದಿಲ್ಲ ಎಂದು ಮುಂದಕ್ಕೆ ಹೋಯಿತು. ಮಳೆಗಾಲದಲ್ಲಿ ನೀರು ಜಾಸ್ತಿ ಎಂದು ಮತ್ತೆ ಮುಂದಕ್ಕೆ ಹೋಯಿತು. ಶ್ರಾವಣದಲ್ಲಿ ಸೋಮವಾರದ ಉಪವಾಸದವರು, ಶನಿವಾರದ ಉಪವಾಸದವರು ಎಂದು ವಾರವೇ ಹೊಂದಲಿಲ್ಲ. ಆಮೇಲೆ ಗಣಪತಿ, ಆಮೇಲೆ ಪಿತೃಪಕ್ಷ. ಹಿರಿಯರಿಗೆ ಎಡೆ ಇಡುವ ದಿನಗಳಲ್ಲಿ ನೀರಾಟವಾಡಿದರೆ ಅವರೇನು ಅಂದುಕೊಂಡಾರು? ಕೊನೆಗೆ ದಸರಾ ರಜೆ ಗೊತ್ತಾಯಿತು.

ಈ ನಡುವೆ ಅಂಗಡಿಯ ಮಾಳಿಗೆಯ ಮೇಲೆ ಮೀಟಿಂಗುಗಳು ನಡೆದವು. ಬೀದಿಯ ಅರ್ಧ ಮನೆಗಳು ಸೇರಿಕೊಂಡವು. ವಾಹನ ಸಮಿತಿ, ಊಟದ ಸಮಿತಿ, ಸುರಕ್ಷತಾ ಸಮಿತಿ ಎಂದು ಮೂರಾದವು. ಮೂರಕ್ಕೂ ಭಾವನೇ ಅಧ್ಯಕ್ಷರು. ಊಟದ ಸಮಿತಿಯಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿಯೋ, ರೊಟ್ಟಿ-ಶೇಂಗಾ ಚಟ್ನಿಯೋ ಎಂಬ ವಿಷಯಕ್ಕೆ ಎರಡು ಪಂಗಡಗಳಾಗಿ, ಒಂದು ಪಂಗಡ ಸ್ವಲ್ಪ ದಿನ ಮಾತು ಬಿಟ್ಟಿತು. ಅಕ್ಕ ಎಲ್ಲ ಮೀಟಿಂಗಿಗೂ ಚಹಾ ತಂದುಕೊಟ್ಟಳು. ಯಾವ ಸಮಿತಿಗೂ ಅವಳ ಹೆಸರು ಯಾರಿಗೂ ಹೊಳೆಯಲಿಲ್ಲ.

ಹಳ್ಳ ಈಗ ಹೇಗಿದೆ ಎಂದು ನೋಡಿಕೊಂಡು ಬರಲು ಹೊನ್ನೂರಪ್ಪನನ್ನು ಕಳಿಸಿದರು. ಅವನು ಬೆಳಿಗ್ಗೆ ಹೋಗಿ ಸಂಜೆ ಬಂದ. "ನೀರು ಧಂಡಿಯಾಗಿ ಐತಿ," ಎಂದ. ಅವನ ಅಂಗಿಯಿಂದ ಡಾಬಾದ ತಂದೂರಿ ರೊಟ್ಟಿಯ ವಾಸನೆ ಹೊಡೆಯುತ್ತಿತ್ತು. ಭಾವ ಆ ವರದಿಯನ್ನು ಸಮಿತಿಯ ಮುಂದೆ ಓದಿ ಒಪ್ಪಿಗೆ ಪಡೆದರು.

ಸುರಕ್ಷತೆಗೆಂದು ಒಂದು ಹರಿಗೋಲು ಬಂತು. ಹಂಪಿಯ ಹತ್ತಿರ ನದಿ ದಾಟಿಸುವವನೊಬ್ಬ ಹರಿಗೋಲಿನ ತಳಕ್ಕೆ ಹೊದಿಸಲು ಭಾವನ ಅಂಗಡಿಯಿಂದಲೇ ತಾಡಪತ್ರಿ ಒಯ್ಯುತ್ತಿದ್ದ. ಆ ಪರಿಚಯದಲ್ಲಿ ಹಳೆಯದೊಂದನ್ನು ಕೊಟ್ಟ.

"ಭಾವ, ಹೊಂಡ ಎಷ್ಟು ಆಳ ಐತ್ರಿ?" ಎಂದು ಕೇಳಿದೆ.

"ನಾನು ನೋಡಿದಾಗ ಕುತ್ತಿಗಿ ತನಕ ಇತ್ತು."

"ನೀವು ಆಗ ಎಷ್ಟು ಎತ್ತರ ಇದ್ರಿ?"

"ಶೈಲಾ, ನೀ ಟೀಚರ್ ಅದಿ. ಎಲ್ಲಾದಕ್ಕೂ ಪ್ರಶ್ನಿ ಕೇಳೂದು ನಿನ್ನ ಚಟ," ಎಂದು ಆ ವಿಷಯವನ್ನು ಮುಗಿಸಿದರು.

ಎಲ್ಲರಿಗೂ ಹಳದಿ ಟೋಪಿ ಮಾಡಿಸಿದರು. ಮೇಲೆ 'ನ್ಯಾಚುರಲ್ ವಾಟರ್ ಪಾರ್ಕ್' ಎಂದು ಅಚ್ಚಾಗಬೇಕಿತ್ತು. ಅಚ್ಚಿನವನು ಕೊನೆಯ ಪದದ ಅರ್ಕಾವತ್ತಿನ ಗೊಡವೆಗೆ ಹೋಗದೆ 'ನ್ಯಾಚುರಲ್ ವಾಟರ್ ಪಾಕ' ಎಂದು ಹೊಡೆದುಕೊಟ್ಟ. ಮೈಸೂರು ಪಾಕದಂಥ ಹೊಸ ತಿಂಡಿ ಇರಬೇಕೆಂದು ಓಣಿಯ ಮುದುಕಿಯೊಬ್ಬಳು ತನಗೂ ಸ್ವಲ್ಪ ತರಲು ಹೇಳಿದಳು.

ಅಂತೂ ಹೊರಟೆವು. ಮುಂದೆ ಭಾವನ ಜೀಪು, ಹಿಂದೆ ಹೊನ್ನೂರಪ್ಪನ ಸುಮೋ, ಅದರ ಹಿಂದೆ ಒಂದು ಮಿನಿ ಬಸ್ಸು. ಸುಮೋದ ನೆತ್ತಿಯ ಮೇಲೆ ಹರಿಗೋಲನ್ನು ಬೋರಲು ಹಾಕಿ ಕಟ್ಟಿದ್ದರು. ದೂರದಿಂದ ನೋಡಿದರೆ ದೊಡ್ಡ ಟೋಪಿ ಹಾಕಿಕೊಂಡ ದಪ್ಪ ಮನುಷ್ಯ ಓಡುತ್ತಿರುವಂತಿತ್ತು. ಭಾವನ ಕೊರಳಲ್ಲಿ ಒಂದು ಪೀಪಿ. ಎಷ್ಟು ಹೊತ್ತಿಗೆ ಎಲ್ಲಿ ಇರಬೇಕು, ಎಲ್ಲಿ ನೀರು ಕುಡಿಯಬೇಕು, ಎಲ್ಲಿ ಮೂತ್ರಕ್ಕೆ ಇಳಿಯಬೇಕು ಎಲ್ಲವೂ ಗೊತ್ತಾಗಿತ್ತು. ಪಾಪಿನಾಯಕನಹಳ್ಳಿ ದಾಟುವ ತನಕ ಎಲ್ಲರಿಗೂ ಹೇಳಿದಲ್ಲೇ ಬಾಯಾರಿಕೆಯಾಯಿತು.

ಅದಾದ ಮೇಲೆ ಸಾಲು ನಿಂತುಬಿಟ್ಟಿತು.

ಮುಂದೆ ಲಾರಿ, ಹಿಂದೆ ಲಾರಿ, ಕಣ್ಣು ಹರಿಯುವ ತನಕ ಲಾರಿ. ಎಲ್ಲೋ ಮುಂದೆ ಒಂದು ಅದಿರು ಲಾರಿ ಅಡ್ಡ ಬಿದ್ದಿದೆ ಎಂದರು. ಬಿಸಿಲು ಏರಿತು. ಬೀಸಿದ ಗಾಳಿಗೆಲ್ಲ ಲಾರಿಗಳ ಮೇಲಿನ ಕೆಂಪು ಹುಡಿ ಎದ್ದು ನಮ್ಮ ಮೇಲೆ ಕೂತಿತು. ಪ್ರತಿಯೊಂದು ಲಾರಿಯ ಕ್ಯಾಬಿನ್ ಮೇಲೂ ಭಾವನ ಅಂಗಡಿಯ ನೀಲಿ ತಾಡಪತ್ರಿ, ಮಡಿಕೆ ಮುರಿಯದೆ.

"ನಮಸ್ಕಾರ್ರಿ ಸಾಹುಕಾರ್ರ," ಎಂದು ಡ್ರೈವರುಗಳು ಪರಿಚಯದಿಂದ ಕೈ ಮುಗಿದರು. "ನಿಮ್ಮ ತಾಡಪತ್ರಿ ಭಾಳ ಚಲೋ ಬಂತ್ರಿ. ಒಂದು ತೂತಿಲ್ಲ!"

ಭಾವ ಕೆಮ್ಮಿದರು. ಹೆಮ್ಮೆಗೋ ಧೂಳಿಗೋ ಹೇಳುವುದು ಕಷ್ಟ.

ಒಗ್ಗರಣಿ ಮುಗಿಯಿತು, ಮಿರ್ಚಿ ತಣ್ಣಗಾಗಿ ಮುಗಿಯಿತು. ಹುಡುಗರು ಅಳತೊಡಗಿದರು. ಹೊನ್ನೂರಮ್ಮ ಹೈದರಾಬಾದಿನ ನೀಲಿ ನೀರನ್ನು ವರ್ಣಿಸತೊಡಗಿದಳು, ಯಾರೂ ಕೇಳಿರಲಿಲ್ಲ. ಭಾವ ಜೀಪಿನ ಗಾಜು ಏರಿಸಿಕೊಂಡು ಕೂತರು. "ಟ್ರಾಫಿಕ್ ಒಂದು ಪ್ಲಾನ್‌ನ್ಯಾಗ ಹಿಡಿದಿರಲಿಲ್ಲ ನೋಡು," ಎಂದು ನನಗೆ ಮೆಲ್ಲಗೆ ಹೇಳಿದರು. ಹಗಲೂ ರಾತ್ರಿ ಲಾರಿ ಹರಿಯುವ ಊರಿನಲ್ಲಿ, ಆ ಲಾರಿಗಳಿಂದಲೇ ಬದುಕುವ ಮನುಷ್ಯನಿಗೆ ಎಲ್ಲ ನೆನಪಾಗಿತ್ತು, ಲಾರಿಯೊಂದು ಬಿಟ್ಟು. ನಗು ಬಂತು. ಆದರೆ ಅವರ ಮುಖ ನೋಡಿ ನಗಲಾಗಲಿಲ್ಲ. ಪರೀಕ್ಷೆಯಲ್ಲಿ ಓದಿದ್ದು ಬಿಟ್ಟು ಬೇರೆ ಪ್ರಶ್ನೆ ಬಂದಾಗಿನ ಹುಡುಗನ ಮುಖ ಅದು.

ನಮ್ಮ ಜೀಪಿನ ಪಕ್ಕದಲ್ಲೇ ಒಂದು ನೀರಿನ ಟ್ಯಾಂಕರ್ ನಿಂತಿತ್ತು. ಧೂಳು ಏಳದಂತೆ ರಸ್ತೆಗೆ ನೀರು ಹೊಡೆಯುವುದು ಅದರ ಕೆಲಸ; ಧೂಳೆಬ್ಬಿಸುವ ಲಾರಿಗಳ ನಡುವೆ ಸಿಕ್ಕಿಕೊಂಡು ಅದೂ ಸುಮ್ಮನಿತ್ತು. ಡ್ರೈವರನ ಹೆಸರು ಮೂಕಣ್ಣ. ಹೆಸರಿಟ್ಟವರ ಅವಸರ ಎಂಥದಿತ್ತೋ, ಆ ಮನುಷ್ಯನ ಬಾಯಿ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಆಗಲೇ ಎಲ್ಲರಿಗೂ ತನ್ನ ಮಾವನ ಮನೆಯ ಜಗಳವನ್ನು ಪೂರ್ತಿ ಹೇಳಿ ಮುಗಿಸಿದ್ದ.

ಅಕ್ಕ ಜೀಪಿನಿಂದ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅಣ್ಣಾ, ಟ್ಯಾಂಕರ್‌ನ್ಯಾಗ ನೀರೈತೇನು?"

"ತುಂಬಾ ಐತವ್ವಾ. ಎಲ್ಲಿ ಹೊಡೀಲಿ? ರಸ್ತಿ ಕಾಣವಲ್ದು, ಬರೇ ಗಾಲಿ ಕಾಣತಾವು."

ಅಕ್ಕ ರಸ್ತೆಯ ಅಂಚಿಗೆ ಹೋಗಿ ನೋಡಿದಳು. ರಸ್ತೆ ಅಲ್ಲಿ ಎತ್ತರದಲ್ಲಿತ್ತು. ಒಂದು ಕಡೆ ಮಣ್ಣಿನ ಇಳಿಜಾರು, ಅದರ ಬುಡದಲ್ಲಿ ಹಾಳು ಬಿಟ್ಟ ಒಂದು ತುಂಡು ನೆಲ, ಅದರಾಚೆ ಮೆಣಸಿನಕಾಯಿ ಹೊಲ. ಅವಳು ತಿರುಗಿ ಹತ್ತಿರದ ಲಾರಿಯವನಿಗೆ, "ತಮ್ಮಾ, ಆ ತಾಡಪತ್ರಿ ಇಳಸು," ಎಂದಳು.

"ಯಕ್ಕಾ, ಅದು ಬಿಚ್ಚೂದಲ್ಲ..."

"ಯಾಕ? ಬಿಚ್ಚಿದ್ರ ಓಡಿ ಹೋಗತೈತೇನು? ಇಳಸು."

ಮೂರು ಲಾರಿಗಳ ತಾಡಪತ್ರಿ ಇಳಿದವು. ನನಗೆ ತಿಳಿದಂತೆ ಆ ರಸ್ತೆಯಲ್ಲಿ ತಾಡಪತ್ರಿ ಬಿಚ್ಚಿದ್ದನ್ನು ಜನ ನೋಡಿದ್ದು ಅಂದೇ ಮೊದಲು. ಇಳಿಜಾರಿನ ಕಲ್ಲು ಮುಳ್ಳು ಆರಿಸಿ, ಒಂದರ ಮೇಲೊಂದು ಹಾಸಿ, ಅಂಚಿಗೆ ಕಲ್ಲು ಹೇರಿದರು. ಮೂಕಣ್ಣ ಪೈಪು ತಂದು ಮೇಲಿನಿಂದ ನೀರು ಬಿಟ್ಟ. ಸ್ಫೂರ್ತಿ ಕೂತಳು, ಕಿರುಚಿದಳು, ಕೆಳಗಿದ್ದಳು. ಆಮೇಲೆ ಹುಡುಗರನ್ನು ಹಿಡಿಯುವವರೇ ಇಲ್ಲ.

ಅಷ್ಟರಲ್ಲಿ ಹೊಲದ ಕಡೆಯಿಂದ ಒಬ್ಬ ಹೆಂಗಸು ಕುಡುಗೋಲು ಹಿಡಿದು ದಡದಡ ಬಂದಳು. "ಯಾರಲೇ ಅದು ನನ್ನ ನೆಲದಾಗ?" ಆಕೆ ದುರ್ಗಕ್ಕ, ಹೊಲದ ಒಡತಿ. ಎಲ್ಲರೂ ಹಿಂದೆ ಸರಿದೆವು. ಆಕೆ ತಾಡಪತ್ರಿ ನೋಡಿದಳು, ಹುಡುಗರನ್ನು ನೋಡಿದಳು, ಪೈಪಿನಿಂದ ಸುರಿಯುವ ನೀರನ್ನು ನೋಡಿದಳು. ಸಿಟ್ಟು ಅಲ್ಲೇ ಇಳಿಯಿತು.

"ಆ ಪೈಪ್ ಒಂದೀಟು ನನ್ನ ಗಿಡದ ಮ್ಯಾಲ ಹಿಡೀರಿ. ಮೆಣಸಿನಗಿಡ ಹಸರು ಇರ್ತಾವನ್ನೂದ ಮರ್ತೈತಿ ನನಗ," ಎಂದಳು. ಮೂಕಣ್ಣ ಪೈಪು ತಿರುಗಿಸಿದ. ಮುಂದಿನ ಸಾಲುಗಳ ಮೇಲಿನ ಕೆಂಪೆಲ್ಲ ತೊಳೆದು ಹೋಗಿ ಎಲೆಗಳು ಕಂಡವು. ದುರ್ಗಕ್ಕ ಒಂದು ಎಲೆಯನ್ನು ಬೆರಳಲ್ಲಿ ಒರೆಸಿ ನೋಡಿದಳು. ಆಮೇಲೆ ಕುಡುಗೋಲು ಬದುವಿನ ಮೇಲಿಟ್ಟು, ಕಚ್ಚೆ ಬಿಗಿದು, ತಾಡಪತ್ರಿಯ ಮೇಲೆ ಕೂತು ಜಾರಿಯೇಬಿಟ್ಟಳು.

ಹೆಂಗಸರ ಸಂಕೋಚ ಅಲ್ಲಿಗೆ ಮುಗಿಯಿತು. ಅಕ್ಕ ಜಾರಿದಳು. ನಾನೂ ಜಾರಿದೆ. ಹೊನ್ನೂರಮ್ಮ ಹೈದರಾಬಾದಿನ ಅನುಭವವಿದ್ದುದರಿಂದ ಕಣ್ಣು ಮುಚ್ಚಿ ಬಾಯಿ ತೆರೆದು ಜಾರಿದಳು. ಬಾಯಿ ತುಂಬ ಕೆಸರಾಯಿತು. ಡ್ರೈವರುಗಳು ಕ್ಲೀನರುಗಳು ಇಳಿದು ಬಂದರು. ಯಾರೋ ಸುಮೋದ ಮೇಲಿನ ಹರಿಗೋಲು ಬಿಚ್ಚಿ ತಂದರು. ಅದರಲ್ಲಿ ಐದಾರು ಹುಡುಗರನ್ನು ತುಂಬಿ ನೂಕಿದರೆ, ಅದು ಗಿರಗಿರ ತಿರುಗುತ್ತ ಇಳಿದು ಕೆಸರಲ್ಲಿ ಪಚಕ್ಕನೆ ಕೂತಿತು. ನದಿಯಲ್ಲಿ ಕೂಡ ಅದು ಅಷ್ಟು ವೇಗ ಕಂಡಿರಲಿಕ್ಕಿಲ್ಲ.

ಭಾವ ಜೀಪಿನ ಒಳಗೇ ಇದ್ದರು. ನಾನು ಒದ್ದೆ ಸೀರೆಯಲ್ಲಿ ಹೋಗಿ ಗಾಜು ಬಡಿದೆ.

"ಬರ್ರಿ ಭಾವ."

"ಇದು ವಾಟರ್ ಪಾರ್ಕ್ ಅಲ್ಲ," ಎಂದರು. ಧ್ವನಿ ಸಣ್ಣಗಾಗಿತ್ತು. "ಯುಗಾದಿಯಿಂದ ಒದ್ದಾಡೀನಿ ಶೈಲಾ. ಯಾರಿಗೂ ಹಳ್ಳದ ನೆಪ್ಪ ಇಲ್ಲ ನೋಡು."

ಅವರ ಹಳ್ಳವನ್ನು ಅವರಂತೆ ಯಾರೂ ಕಂಡಿರಲಿಲ್ಲ, ನಿಜ. ಆದರೆ ಅಷ್ಟರಲ್ಲಿ ಇಳಿಜಾರಿನಲ್ಲಿ ಇಬ್ಬರು ಕ್ಲೀನರುಗಳೂ ಒಂದು ಹುಡುಗಿಯೂ ಡಿಕ್ಕಿ ಹೊಡೆದುಕೊಂಡು ಗಲಾಟೆಯಾಯಿತು. ಎಲ್ಲರೂ ಒಟ್ಟಿಗೆ ನುಗ್ಗುತ್ತಿದ್ದರು, ಸಾಲಿಲ್ಲ, ಸರದಿಯಿಲ್ಲ. ಭಾವ ಗಾಜಿನಾಚೆ ಅದನ್ನು ನೋಡಿದರು. ಕೂತಲ್ಲೇ ಚಡಪಡಿಸಿದರು. ಸಹಿಸುವಷ್ಟು ಸಹಿಸಿದರು. ಆಮೇಲೆ ಬಾಗಿಲು ತೆಗೆದು ಇಳಿದು, ಪೀಪಿ ಊದಿದರು.

"ಏಯ್! ಒಬ್ಬೊಬ್ಬರ ಬರ್ರಿ! ಹುಡುಗ್ರು ಈ ಕಡಿ, ಹೆಂಗಸ್ರು ಆ ಕಡಿ! ಡ್ರೈವರ್ ಮಂದಿ ಲಾಸ್ಟ್! ಟೋಪಿ ಇಲ್ಲದೋರಿಗೆ ಎಂಟ್ರಿ ಇಲ್ಲ!"

ಮುಂದಿನ ಹೊತ್ತೆಲ್ಲ ಅವರದೇ ರಾಜ್ಯ. ಉಳಿದ ಹಳದಿ ಟೋಪಿಗಳನ್ನು ಡ್ರೈವರುಗಳಿಗೆ ಹಂಚಿದರು. ಸುರಕ್ಷತಾ ಸಮಿತಿಯನ್ನು ಇಳಿಜಾರಿನ ಬುಡದಲ್ಲಿ ನಿಲ್ಲಿಸಿದರು. ಮೂಕಣ್ಣನಿಗೆ ಯಾವಾಗ ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಕೈಸನ್ನೆ ಕಲಿಸಿದರು. ಅವನು ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ. ದಾರಿಯಲ್ಲಿ ಸಿಕ್ಕಿಕೊಂಡಿದ್ದ ಯಾವುದೋ ಗಣಿಯ ಮ್ಯಾನೇಜರ್ ಒಬ್ಬ ಕೋಟು ಕಳಚಿ ಬಂದರೆ, ಅವನನ್ನೂ ಸಾಲಿನ ಕೊನೆಗೆ ಕಳಿಸಿದರು. ಅವರು ಮಾತ್ರ ಒಮ್ಮೆಯೂ ಜಾರಲಿಲ್ಲ.

ಇಳಿಹೊತ್ತಿಗೆ ದಾರಿ ಬಿಟ್ಟಿತು. ಹಾರ್ನುಗಳು ಬಡಿದುಕೊಂಡರೂ ಮುಂದಿನ ಕೆಲವು ಲಾರಿಗಳಲ್ಲಿ ಡ್ರೈವರುಗಳೇ ಇರಲಿಲ್ಲ. ಒಬ್ಬನಂತೂ ಸರದಿ ಬಂದ ಮೇಲೆ ಜಾರಿಯೇ ಬರುವೆನೆಂದು ಹಟ ಹಿಡಿದ. ಹರಿಗೋಲಿನ ತಳ ಕಿತ್ತುಹೋಗಿತ್ತು. ತಾಡಪತ್ರಿಗಳಲ್ಲಿ ತೂತುಗಳಾಗಿದ್ದವು, ಭಾವ ಆ ಮೂವರಿಗೂ ಹೊಸದನ್ನು ಕೊಡುವುದಾಗಿ ಹೇಳಿದರು. ಸಂಡೂರು ಇನ್ನೂ ದೂರವಿತ್ತು, ಹೊತ್ತು ಮುಳುಗುತ್ತಿತ್ತು. ಎಲ್ಲರೂ ಅಡಿಯಿಂದ ಮುಡಿಯ ತನಕ ಇಟ್ಟಿಗೆಯ ಬಣ್ಣವಾಗಿ ಹೊಸಪೇಟೆಗೆ ತಿರುಗಿದೆವು. ನನ್ನ ಆ ಸೀರೆಯ ಕೆಂಪು ಎಷ್ಟು ಒಗೆದರೂ ಹೋಗಲಿಲ್ಲ.

ಹಳ್ಳದ ಮಾತು ಆಮೇಲೆ ಬಹಳ ದಿನ ಏಳಲಿಲ್ಲ. ಗಣಿಗಳು ನಿಂತ ವರ್ಷ ರಸ್ತೆ ಬರಿದಾಯಿತು. ಭಾವನ ಅಂಗಡಿಯಲ್ಲಿ ತಾಡಪತ್ರಿ ಅಟ್ಟಿಗಟ್ಟಲೆ ಉಳಿಯಿತು, ಜೀಪು ಹೋಯಿತು, ಹಳೆಯ ಸ್ಕೂಟರ್ ಮತ್ತೆ ಹೊರಗೆ ಬಂತು. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಬುತ್ತಿ ಕಟ್ಟಿ, "ನಾನೂ ಶೈಲಾನೂ ಸಂಡೂರ ಬಸ್ ಹತ್ತತೀವಿ. ಬರೂದಿದ್ರ ಬರ್ರಿ," ಎಂದಳು. ಇಷ್ಟು ಅವಸರದಲ್ಲಿ ಹೇಗೆ ಸಾಧ್ಯ ಎಂದು ಭಾವ ವಾದಿಸುತ್ತಿರುವಾಗಲೇ ನಾವು ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ಕಿಟಕಿಯಿಂದ ನೋಡಿದರೆ ಹಿಂದೆ ಸ್ಕೂಟರ್ ಬರುತ್ತಿತ್ತು.

ಕೇಳುತ್ತ ಕೇಳುತ್ತ ಹಳ್ಳ ಸಿಕ್ಕಿತು. ಬಂಡೆ ಎರಡು ಮಂಚದಷ್ಟು ಉದ್ದ. ಹೊಂಡದಲ್ಲಿ ಮೊಣಕಾಲು ಮಟ್ಟದ ನೀರು. ಒಂದು ಆಡು ನಡುವೆಯೇ ನಿಂತು ಕುಡಿಯುತ್ತಿತ್ತು.

"ಇದಲ್ಲ," ಎಂದರು ಭಾವ. "ನಾ ನೋಡಿದ್ದು ಭಾಳ ದೊಡ್ಡದಿತ್ತು."

ಆಡು ಮೇಯಿಸುತ್ತಿದ್ದ ಮುದುಕ, "ಇಲ್ಲಿ ಇರೂದು ಇದೊಂದ ಹಳ್ಳ ನೋಡ್ರಿ," ಎಂದ.

ಅಕ್ಕ ಆಗಲೇ ನೀರಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಭಾವ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಬಂಡೆಯ ನೆತ್ತಿ ಹತ್ತಿ ಕೂತರು. ನೀರು ಎಳೆಯಲಿಲ್ಲ. ಕೈಯೂರಿ ತಾವೇ ನೂಕಿಕೊಂಡರು; ಅರ್ಧಕ್ಕೆ ಸಿಕ್ಕಿಕೊಂಡರು. ಅಕ್ಕ ಹಿಂದಿನಿಂದ ಹೋಗಿ ಬೆನ್ನಿಗೆ ಕೈ ಕೊಟ್ಟು ತಳ್ಳಿದಳು. ಅವರು ಹೊಂಡಕ್ಕೆ ಬಿದ್ದಾಗ ಆಡು ಹೆದರಿ ಓಡಿತು. ಎದ್ದವರೇ ಮತ್ತೆ ಬಂಡೆ ಹತ್ತಿದರು. ಎಷ್ಟು ಸಲ ಹತ್ತಿದರೋ ನಾನು ಎಣಿಸಲಿಲ್ಲ. ನಮ್ಮ ಬುತ್ತಿ ಮುಗಿಯಿತು, ಅವರ ಜಾರಾಟ ಮುಗಿಯಲಿಲ್ಲ.

ಮರುದಿನದಿಂದ ವಾರಗಟ್ಟಲೆ ಸೀನಿದರು. ಅಂಗಡಿಗೆ ಬಂದವರೆಲ್ಲರಿಗೂ ಮೂಗೊರೆಸಿಕೊಳ್ಳುತ್ತ, ಸಂಡೂರಿನ ನ್ಯಾಚುರಲ್ ವಾಟರ್ ಪಾರ್ಕಿಗೆ ಕುಟುಂಬ ಸಮೇತ ಹೋಗಿ ಬಂದುದನ್ನು ಹೇಳಿದರು. ಎಲ್ಲವೂ ಬಹಳ ವ್ಯವಸ್ಥಿತವಾಗಿತ್ತಂತೆ. ಪ್ಲಾನಿಂಗ್ ಪೂರ್ತಿ ಅವರದೇ ಅಂತೆ.